ಕಂಡಕ್ಟರ್ ಮಾವನ ನಿರೀಕ್ಷೆ

ನಮ್ಮ ಮಾವನಿಗೆ ಸಿಟ್ಟು ಬರುವುದೇ ಇಲ್ಲ. ಹೋದರೆ ತಾನೇ ಬರುವುದು!

ಬೆಳಿಗ್ಗೆ ಹಲ್ಲುಜ್ಜುವಾಗ ಪೇಸ್ಟಿನ ಮೇಲೆ ಸಿಟ್ಟು, ಚಹಾ ಕುಡಿಯುವಾಗ ಸಕ್ಕರೆಯ ಮೇಲೆ ಸಿಟ್ಟು, ಪೇಪರ್ ಓದುವಾಗ ಎರಡು ಸರ್ಕಾರಗಳ ಮೇಲೆ ಸಿಟ್ಟು. ಎರಡು ಯಾಕೆಂದರೆ ನಾವಿರುವುದು ಗಡಿ ದಾಟಿದರೆ ಸಿಗುವ ಕೇರಳದ ಉಪ್ಪಳದಲ್ಲಿ. ಆಳುವ ಸರ್ಕಾರ ತಿರುವನಂತಪುರದ್ದು, ಓದುವ ಪೇಪರ್ ಮಂಗಳೂರಿನದ್ದು. ಉಳಿದವರು ಒಂದು ಸರ್ಕಾರವನ್ನು ಬೈಯುವಷ್ಟರಲ್ಲಿ ಸುಸ್ತಾಗುತ್ತಾರೆ. ಮಾವ ಎರಡನ್ನೂ ಮುಗಿಸಿ ಸ್ನಾನಕ್ಕೆ ಹೋಗಿ, ಅಲ್ಲಿ ಬಕೆಟಿನ ಹಿಡಿಯ ಮೇಲೆ ಸಿಟ್ಟು ಮಾಡುತ್ತಾರೆ.

ಇವರು ನನ್ನ ಗಂಡನ ಸೋದರಮಾವ. ಗಂಡ ಮಾವ ಅನ್ನುತ್ತಾನೆಂದು ನಾನೂ ಮಾವ ಅನ್ನುತ್ತೇನೆ. ನಮ್ಮ ಸಭೆಯವರೆಲ್ಲ ‘ಕಂಡಕ್ಟರ್ ಮಾವ’ ಅನ್ನುತ್ತಾರೆ. ಉಪ್ಪಳದಿಂದ ಮೀಂಜದ ಕಡೆಗೆ ಹೋಗುವ ಒಂದು ಪ್ರೈವೇಟ್ ಬಸ್ಸಿನಲ್ಲಿ ಮೂವತ್ತೆಂಟು ವರ್ಷ ಕಂಡಕ್ಟರ್ ಆಗಿದ್ದವರು. ಇವರು ಬಸ್ಸನ್ನು ಬಿಟ್ಟು ಒಂಬತ್ತು ವರ್ಷ ಕಳೆಯಿತು. ಬಸ್ಸು ಇವರನ್ನು ಇನ್ನೂ ಬಿಟ್ಟಿಲ್ಲ. ಸಭೆ ಎಂದರೆ ನಮ್ಮ ಪ್ರೊಟೆಸ್ಟೆಂಟರ ಮಾತಿನಲ್ಲಿ ಚರ್ಚು. ಮೂವತ್ತು ಮನೆಗಳ ಸಣ್ಣ ಸಭೆ ನಮ್ಮದು. ಒಂದು ಹಂಚಿನ ಕಟ್ಟಡ, ನಾವು ಅಯ್ಯನವರು ಎಂದು ಕರೆಯುವ ಒಬ್ಬ ಪಾದ್ರಿ, ಮಾವನೂ ಸೇರಿ ನಾಲ್ಕು ಮಂದಿ ಹಿರಿಯರು. ಆ ನಾಲ್ವರಲ್ಲಿ ಮೂವರು ದೇವರಿಗೆ ಹೆದರುತ್ತಾರೆ, ನಾಲ್ವರೂ ಮಾವನಿಗೆ ಹೆದರುತ್ತಾರೆ. ಹೌದು, ಮಾವನೂ ಒಮ್ಮೊಮ್ಮೆ ತನ್ನ ಸಿಟ್ಟಿಗೆ ತಾನೇ ಹೆದರಿದ್ದನ್ನು ನಾನು ಕಂಡಿದ್ದೇನೆ.

ನನಗೂ ಸಿಟ್ಟು ಕಡಿಮೆ ಏನಲ್ಲ, ಮೊದಲೇ ಹೇಳಿಬಿಡುತ್ತೇನೆ. ಉಪ್ಪಳ ಸ್ಟೇಷನ್ನಿನ ಹತ್ತಿರ ಹೊಲಿಗೆ ಅಂಗಡಿ ಇಟ್ಟವಳು ನಾನು. ದಿನವಿಡೀ ಕತ್ತರಿ ಹಿಡಿದು ನಿಂತವಳ ಹತ್ತಿರ ಜಗಳಕ್ಕೆ ಸಾಮಾನ್ಯವಾಗಿ ಯಾರೂ ಬರುವುದಿಲ್ಲ. ಮಾವ ಬರುತ್ತಾರೆ. ಬಂದು, ಕೂತು, ಚಹಾ ತರಿಸಿಕೊಂಡು ಜಗಳ ಮಾಡುತ್ತಾರೆ. ಮುಲ್ಕಿ ಕಡೆಯಿಂದ ಮದುವೆಯಾಗಿ ಗಡಿ ದಾಟಿ ಬಂದ ನನ್ನ ಮಲಯಾಳವೂ ಅವರಿಗೆ ಸಿಟ್ಟಿನ ವಿಷಯವೇ. ಹದಿಮೂರು ವರ್ಷವಾದರೂ ನನ್ನ ಮಲಯಾಳ ಬ್ಲೌಸಿನ ಅಳತೆಯಿಂದ ಆಚೆ ಹೋಗಿರಲಿಲ್ಲ. ಕೈ ಉದ್ದ, ಕುತ್ತಿಗೆ ಆಳ, ನಾಳೆ ಖಂಡಿತ ಕೊಡ್ತೇನೆ. ಅಷ್ಟೆ. ಅದರಲ್ಲಿಯೂ ಮೂರನೆಯದು ಸುಳ್ಳು.

ಈಗ ಚರ್ಚಿನ ವಿಷಯಕ್ಕೆ ಬರುತ್ತೇನೆ. ಮಾವನ ಜೀವನದಲ್ಲಿ ದೇವರು ಮಾಡಿದ ದೊಡ್ಡ ತಮಾಷೆ ಇದು. ಬಸ್ಸಿನಲ್ಲಿ ಜನ ಎದುರಿನ ಬಾಗಿಲಲ್ಲೇ ಜೋತು ಬೀಳುತ್ತಾರೆ, ಹಿಂದೆ ಹೋಗಿ ಎಂದರೆ ಹೋಗುವುದಿಲ್ಲ. ಚರ್ಚಿನಲ್ಲಿ ಅದೇ ಜನ ಹಿಂದಿನ ಬೆಂಚಿನಲ್ಲಿ ಒತ್ತಿ ಕೂರುತ್ತಾರೆ, ಎದುರು ಬನ್ನಿ ಎಂದರೆ ಬರುವುದಿಲ್ಲ. ಮೂವತ್ತೆಂಟು ವರ್ಷ ‘ಹಿಂದೆ ಹೋಗಿ’ ಎಂದು ಬೊಬ್ಬೆ ಹೊಡೆದ ಗಂಟಲು ಈಗ ಪ್ರತಿ ಆದಿತ್ಯವಾರ ‘ಎದುರು ಹೋಗಿ’ ಎಂದು ಬೊಬ್ಬೆ ಹೊಡೆಯುತ್ತದೆ. ಯಾರು ಕೇಳುತ್ತಾರೆ? ಬಾಗಿಲ ಪಕ್ಕದ ಕೊನೆಯ ಬೆಂಚಿನಲ್ಲಿ ಒಬ್ಬರು ಅಜ್ಜಿ ಖಾಯಂ. ಅವರ ಗಂಡ ಮರ ಕೊಟ್ಟು ಮಾಡಿಸಿದ ಬೆಂಚಂತೆ ಅದು.

"ಎದುರು ಹೋಗಿ ಅಜ್ಜಿ, ಎದುರು ಪೂರಾ ಖಾಲಿ ಉಂಟು."

"ನನಗೆ ಇಲ್ಲಿಯೇ ಗಾಳಿ ಬರ್ತದೆ."

"ಸ್ವರ್ಗದಲ್ಲಿಯೂ ಬಾಗಿಲ ಹತ್ತಿರವೇ ನಿಲ್ತೀರಾ ಹೇಗೆ?"

"ಅಲ್ಲಿಯ ಬಾಗಿಲಲ್ಲಿ ನೀನು ಇಲ್ಲದಿದ್ರೆ ಒಳಗೆ ಹೋಗ್ತೇನೆ," ಎಂದರು ಅಜ್ಜಿ, ಸೆರಗು ಸರಿಮಾಡಿಕೊಳ್ಳುತ್ತಾ.

ಮಾವ ಅಂದು ಪೂರ್ತಿ ಆರಾಧನೆ ಮುಗಿಯುವ ತನಕ ಅಜ್ಜಿಯ ಕಡೆಗೆ ತಿರುಗಿ ನೋಡಲಿಲ್ಲ.

ಇನ್ನು ಸಮಯ. ಬಸ್ಸು ಹತ್ತಿದವರಿಗೆಲ್ಲ ಗೊತ್ತಿರುತ್ತದೆ, ಕಂಡಕ್ಟರ್ ಬಸ್ಸಿನ ತಗಡಿಗೆ ಒಂದು ಸಲ ಬಡಿದರೆ ‘ನಿಲ್ಲಿಸು’, ಎರಡು ಸಲ ಬಡಿದರೆ ‘ಹೋಗಲಿ’. ಈಗಿನ ಅಯ್ಯನವರು ಹೊಸದಾಗಿ ಬಂದ ತಿಂಗಳು. ಎಳೆ ಪ್ರಾಯ, ಓದಿದವರು, ಪ್ರಸಂಗ ಮಾಡಲು ಶುರು ಮಾಡಿದರೆ ನಿಲ್ಲಿಸುವುದು ಮರೆತು ಹೋಗುವ ಪೈಕಿ. ಆ ದಿನ ಪ್ರಸಂಗದಲ್ಲಿ ಬೈಬಲಿನ ಮೋಶೆಯು ಜನರನ್ನು ಕರೆದುಕೊಂಡು ಕೆಂಪು ಸಮುದ್ರದ ಮಧ್ಯಕ್ಕೆ ಬಂದಿದ್ದ. ಗಂಟೆ ಹನ್ನೊಂದು ದಾಟಿತ್ತು. ಹಿಂದಿನ ಕಿಟಕಿಯ ಚೌಕಟ್ಟಿಗೆ ‘ಢಬ್’ ಎಂದು ಒಂದು ಪೆಟ್ಟು ಬಿತ್ತು. ಅಯ್ಯನವರು ಬೆಚ್ಚಿ ನಿಂತರು. ಮೋಶೆಯೂ ನಿಂತ. ಒಂದು ಕ್ಷಣ ಬಿಟ್ಟು ‘ಢಬ್ ಢಬ್’ ಎಂದು ಎರಡು ಪೆಟ್ಟು. ಕೀಬೋರ್ಡ್ ಬಾರಿಸುವ ಹುಡುಗಿ ದಿನಾ ಬಸ್ಸಿನಲ್ಲಿ ಕಾಲೇಜಿಗೆ ಹೋಗುವವಳು. ಅವಳ ಕೈ ತನ್ನಷ್ಟಕ್ಕೆ ಮುಂದಿನ ಹಾಡನ್ನು ಶುರು ಮಾಡಿತು. ಸಭೆಯವರು ಎದ್ದು ನಿಂತು ಹಾಡಿದರು. ಮೋಶೆ ಸಮುದ್ರದ ಮಧ್ಯದಲ್ಲೇ ಉಳಿದ.

ಆಮೇಲೆ ಅಯ್ಯನವರು ಮೆಲ್ಲನೆ ಹೇಳಿದರು, "ಹಿರಿಯರೇ, ಅದು ದೇವರ ವಾಕ್ಯ ಅಲ್ಲವಾ?"

"ಹೌದು ಅಯ್ಯನವರೇ. ದೇವರಿಗೆ ಬೇಕಾದಷ್ಟು ಟೈಮ್ ಉಂಟು. ಹನ್ನೊಂದೂಕಾಲಿನ ಬಸ್ಸಿಗೆ ಇಲ್ಲ. ಅರ್ಧ ಸಭೆ ಹೋಗುವುದು ಅದರಲ್ಲಿ."

ಮಾವ ಪ್ರಾರ್ಥನೆ ಮಾಡುವುದನ್ನು ನೀವು ಕೇಳಬೇಕು. ಬುಧವಾರಗಳಲ್ಲಿ ಯಾರಾದರೊಬ್ಬರ ಮನೆಯಲ್ಲಿ ಪ್ರಾರ್ಥನಾ ಕೂಟ ಇರುತ್ತದೆ. ಉಳಿದವರು ‘ಕೃಪೆಯುಳ್ಳ ತಂದೆಯೇ’ ಎಂದು ಮೃದುವಾಗಿ ಶುರು ಮಾಡುತ್ತಾರೆ. ಮಾವ ಶುರು ಮಾಡುವುದೇ ಹೀಗೆ: "ಕರ್ತನೇ, ಕಳೆದ ಬುಧವಾರವೂ ಹೇಳಿದ್ದೆ. ಅಜ್ಜಿಯ ಮೊಣಕಾಲಿನ ವಿಷಯ ಎಂತಾಯ್ತು? ನಾಲ್ಕು ವಾರ ಆಯ್ತು. ಎಷ್ಟು ಸಲ ಹೇಳುವುದು?" ಕಣ್ಣು ಮುಚ್ಚಿ ಕೂತಿದ್ದ ನನಗೆ ನಗು ತಡೆಯಲಾಗಲಿಲ್ಲ. ಆಮೆನ್ ಆದದ್ದೇ ಮಾವ ನನ್ನ ಕಡೆ ತಿರುಗಿದರು.

"ಎಂತ ನಗುವುದು, ಟೈಲರ್?" ನನ್ನನ್ನು ಅವರು ಹೆಸರಿನಿಂದ ಕರೆದದ್ದೇ ಇಲ್ಲ.

"ದೇವರ ಹತ್ತಿರ ಯಾರಾದ್ರೂ ಹಾಗೆ ಮಾತಾಡ್ತಾರಾ ಮಾವ?"

"ಮತ್ತೆ ಹೇಗೆ ಮಾತಾಡ್ಬೇಕು? ಡ್ರೈವರ್ ಎದುರು ನೋಡ್ತಾ ಇರ್ತಾನೆ. ಹಿಂದೆ ಒಬ್ಬ ಬಿದ್ದದ್ದು ಅವನಿಗೆ ಹೇಗೆ ಗೊತ್ತಾಗುವುದು? ಕಂಡಕ್ಟರ್ ಬೊಬ್ಬೆ ಹೊಡಿಬೇಕು. ಮೆಲ್ಲ ಹೇಳಿದ್ರೆ ಇಂಜಿನ್ ಸದ್ದಿಗೆ ಕೇಳುವುದಿಲ್ಲ."

"ದೇವರಿಗೆ ಎಲ್ಲ ಕಾಣ್ತದೆ ಅಂತಲ್ವಾ ನೀವು ಹೇಳುವುದು?"

"ಕಾಣ್ತದೆ. ಕನ್ನಡಿ ಉಂಟು ಅವನಿಗೆ. ಆದ್ರೂ ಹೇಳುವುದು ನಮ್ಮ ಡ್ಯೂಟಿ."

ಇಷ್ಟೆಲ್ಲ ನಗಾಡಿಕೊಂಡು ಹೇಳುತ್ತಿದ್ದೇನೆ. ಆದರೆ ಎರಡು ವರ್ಷದ ಹಿಂದೆ ಒಂದು ಬಟ್ಟೆಯ ವಿಷಯದಲ್ಲಿ ನಾನು ಈ ಮನುಷ್ಯನ ಮುಖ ನೋಡುವುದಿಲ್ಲ ಎಂದು ಶಪಥ ಮಾಡಿದ್ದೆ. ಕ್ರಿಸ್ಮಸ್ಸಿಗೆ ಮೊದಲಿನ ನಾಲ್ಕು ಆದಿತ್ಯವಾರಕ್ಕೆ ನಾಲ್ಕು ಶಬ್ದಗಳ ಬಟ್ಟೆ ಹೊಲಿದು ಪೀಠದ ಹಿಂದೆ ತೂಗುಹಾಕುವ ಎಂದು ಅಯ್ಯನವರು ಹೇಳಿದರು. ಮೊದಲ ವಾರದ ಶಬ್ದ ‘ನಿರೀಕ್ಷೆ’, ನಮ್ಮ ಬೈಬಲಿನಲ್ಲಿ ಭರವಸೆಗೆ ಇರುವ ಶಬ್ದ. ನೇರಳೆ ಬಟ್ಟೆಯ ಮೇಲೆ ಬಂಗಾರದ ಬಣ್ಣದ ಅಕ್ಷರ. ಮೂರು ದಿನ ಗಿರಾಕಿಗಳ ಬ್ಲೌಸುಗಳನ್ನೆಲ್ಲ ಬದಿಗಿಟ್ಟು ಹೊಲಿದೆ. ಆ ‘ಕ್ಷೆ’ ಒಂದು ಇದೆಯಲ್ಲ, ಅದನ್ನು ಕತ್ತರಿಸಿ ಕೂರಿಸುವುದು ಎಂದರೆ ಹುಡುಗಾಟವಲ್ಲ. ಕನ್ನಡ ಅಕ್ಷರ ಮಾಡಿದವರ ಮನೆಯಲ್ಲಿ ಟೈಲರುಗಳು ಇರಲಿಲ್ಲವೆಂದು ಕಾಣುತ್ತದೆ.

ಶನಿವಾರ ತೂಗುಹಾಕಿದ್ದಾಯಿತು. ಎಲ್ಲರೂ ಚಂದ ಎಂದರು. ಮಾವ ಹಿಂದಿನ ಬಾಗಿಲಿಗೆ ಹೋಗಿ ನಿಂತು ಕಣ್ಣು ಕಿರಿದು ಮಾಡಿದರು.

"ಓದ್ಲಿಕ್ಕೆ ಆಗುವುದಿಲ್ಲ."

"ಎದುರು ಬಂದು ನೋಡಿ ಮಾವ."

"ಎಂತಕ್ಕೆ ಬರ್ಬೇಕು? ಬಸ್ಸಿನ ಬೋರ್ಡ್ ದೂರದಿಂದ ಕಾಣ್ಬೇಕು. ಹತ್ತಿರ ಬಂದ ಮೇಲೆ ಓದಿ ಎಂತ ಪ್ರಯೋಜನ? ಬಸ್ಸು ಹೋಗಿ ಆಗಿರ್ತದೆ. ಬಿಚ್ಚು. ದೊಡ್ಡ ಅಕ್ಷರ ಹಾಕು."

ಬಿಚ್ಚಿದೆ. ಹಲ್ಲು ಕಚ್ಚಿಕೊಂಡು ಬಿಚ್ಚಿದೆ. ಅಕ್ಷರ ದೊಡ್ಡದಾದಾಗ ‘ಕ್ಷೆ’ಗೆ ಬಟ್ಟೆಯೇ ಸಾಲಲಿಲ್ಲ; ಬೇರೆ ತುಂಡು ಜೋಡಿಸಿ, ಜೋಡಣೆ ಕಾಣದ ಹಾಗೆ ಜರಿ ಅಂಚು ಕೂರಿಸಿ, ಆದಿತ್ಯವಾರ ಬೆಳಿಗ್ಗೆ ಮೊದಲ ಗಂಟೆ ಹೊಡೆಯುವಾಗ ಮುಗಿಸಿದೆ. ಹಾಕಿದ ಮೇಲೆ ಮಾವ ಪುನಃ ಬಾಗಿಲಿಗೆ ಹೋದರು. ನೋಡಿದರು. "ಈಗ ಅಜ್ಜಿಗೂ ಕಾಣ್ತದೆ," ಎಂದರು. ಅದು ಹೊಗಳಿಕೆಯಂತೆ! ನಾನು ಸೂಜಿ ನೂಲು ಚೀಲಕ್ಕೆ ತುಂಬಿಸಿಕೊಂಡು, ಆ ಶಪಥ ಮಾಡಿಯೇ ಮನೆಗೆ ಹೋದೆ.

ಮುಂದಿನ ಶನಿವಾರ ಬೆಳಿಗ್ಗೆ ನನ್ನ ಗಂಡ ಬಿದ್ದ.

ಅವನು ಇಲೆಕ್ಟ್ರಿಶಿಯನ್. ಮಂಗಲ್ಪಾಡಿಯ ಒಳಗೆ ಒಂದು ಹೊಸ ಮನೆಯ ವಯರಿಂಗ್ ನಡೆಯುತ್ತಿತ್ತು. ಏಣಿ ಜಾರಿತು. ಬಿದ್ದವನ ತಲೆ ಮೆಟ್ಟಿಲಿನ ಅಂಚಿಗೆ ತಾಗಿತು. ಕಾಸರಗೋಡಿನ ಆಸ್ಪತ್ರೆಗೆ ನಾನು ತಲುಪುವಾಗ ಅವನನ್ನು ಐಸಿಯುವಿನ ಒಳಗೆ ಹಾಕಿ ಆಗಿತ್ತು. ಪ್ರಜ್ಞೆ ಇರಲಿಲ್ಲ. ಬೆಳಿಗ್ಗೆ ದೋಸೆಗೆ ಉಪ್ಪು ಕಡಿಮೆ ಎಂದು ಹೇಳಿ ಹೋಗಿದ್ದ, ನಾನು ಸಿಟ್ಟಿನಲ್ಲಿ ಉತ್ತರ ಕೊಟ್ಟಿರಲಿಲ್ಲ.

ನನಗೆ ಅಳು ಬರಲಿಲ್ಲ. ಸಿಟ್ಟು ಬಂತು. ಏಣಿಯ ಮೇಲೆ, ನುಣುಪು ಟೈಲ್ಸ್ ಹಾಕಿಸಿದವರ ಮೇಲೆ, ಏಣಿ ಹಿಡಿಯಲು ಜನ ಕರೆದುಕೊಂಡು ಹೋಗದ ಗಂಡನ ಮೇಲೆ. ಎಲ್ಲದಕ್ಕಿಂತ ಹೆಚ್ಚು, ಮೇಲೆ ಕೂತು ನೋಡುತ್ತಿದ್ದವನ ಮೇಲೆ. ನಿನಗಾಗಿ ಮೂರು ದಿನ ಕೂತು ಹೊಲಿದೆನಲ್ಲ, ಎರಡು ಸಲ ಹೊಲಿದೆನಲ್ಲ, ಅದರ ಕೂಲಿಯಾ ಇದು? ಹಾಗೆಯೇ ಕೇಳಿದೆ ನಾನು, ಆಸ್ಪತ್ರೆಯ ಗೋಡೆಯನ್ನು ನೋಡಿಕೊಂಡು.

ಅಷ್ಟರಲ್ಲಿ ಸಭೆಯವರು ಬರತೊಡಗಿದರು. ಒಳ್ಳೆಯ ಜನ, ಇಲ್ಲವೆನ್ನುವುದಿಲ್ಲ. ಆದರೆ ಬಾಯಿ!

"ದೇವರು ತನ್ನವರನ್ನೇ ಪರೀಕ್ಷೆ ಮಾಡುವುದು ಮಗಾ," ಎಂದರು ಒಬ್ಬರು ಆಂಟಿ.

"ಹಾಗಾದ್ರೆ ನಾನು ಅವನವಳಲ್ಲ ಅಂತ ಹೇಳಿಬಿಡಿ ಆಂಟಿ. ಬೇರೆ ಯಾರನ್ನಾದ್ರೂ ಹುಡುಕ್ಲಿ."

ಇನ್ನೊಬ್ಬರು ‘ಎಲ್ಲ ದೇವರ ಚಿತ್ತ’ ಎಂದರು. ಮತ್ತೊಬ್ಬರು, ಇದೇ ರೀತಿ ಬಿದ್ದು ತೀರಿಹೋದ ತಮ್ಮ ಭಾವನ ಕಥೆಯನ್ನು ಮೊದಲಿನಿಂದ ಶುರು ಮಾಡಿದರು. ನಾನು ಎದ್ದು ನಿಂತೆ. ಅಯ್ಯನವರು ಪಕ್ಕದಲ್ಲಿದ್ದರು.

"ಅಯ್ಯನವರೇ, ಇನ್ನು ನಾನು ಚರ್ಚಿಗೆ ಬರುವುದಿಲ್ಲ. ನನ್ನ ಆ ಬಟ್ಟೆಯನ್ನು ಬಿಚ್ಚಿ ತನ್ನಿ. ನೆಲ ಒರೆಸ್ಲಿಕ್ಕೆ ಆಗ್ತದೆ."

ಒಬ್ಬೊಬ್ಬರಾಗಿ ಚಪ್ಪಲಿ ಹುಡುಕಿಕೊಂಡು ಹೊರಟರು. ಸಂಜೆ ನಾಲ್ಕಕ್ಕೆ ಆ ಉದ್ದದ ಬೆಂಚಿನಲ್ಲಿ ನಾನೊಬ್ಬಳೇ ಇದ್ದೆ.

ಆಗ ಕೆಳಗೆ ಗೇಟಿನ ಹತ್ತಿರ ದೊಡ್ಡ ಗಲಾಟೆ ಕೇಳಿತು. ನೋಡದೆಯೇ ಗೊತ್ತಾಯಿತು. ನೋಡುವ ಸಮಯ ಇನ್ನು ಐದಕ್ಕೇ ಎಂದು ವಾಚ್‌ಮ್ಯಾನ್ ತಡೆದಿದ್ದ. ಮಾವ ಅವನಿಗೆ ಮಲಯಾಳದಲ್ಲಿ ಪಾಠ ಮಾಡುತ್ತಿದ್ದರು. ಹತ್ತು ನಿಮಿಷ ಉಸಿರು ತೆಗೆಯದೆ ಮಾಡಿದರು. ಮಾವ ಮಲಯಾಳದಲ್ಲಿ ಬೈದರೆ ಕಣ್ಣೂರಿನವರು ಪುಸ್ತಕ ತಂದು ಬರೆದುಕೊಳ್ಳಬೇಕು, ಅಂಥ ಮಲಯಾಳ ಅದು. ಕೊನೆಗೆ ಆ ವಾಚ್‌ಮ್ಯಾನೇ ಮೇಲಿನ ತನಕ ದಾರಿ ತೋರಿಸಿ ಬಿಟ್ಟುಹೋದ. ಆಮೇಲೆ ನಮ್ಮ ಸಭೆಯವರನ್ನು ಅವನು ಯಾವ ಹೊತ್ತಿಗೂ ತಡೆಯಲಿಲ್ಲ.

ಮಾವ ಬಂದು ನನ್ನ ಪಕ್ಕ ಕೂತರು. ಸಮಾಧಾನದ ಮಾತಿಲ್ಲ, ಬೈಬಲಿನ ವಾಕ್ಯವಿಲ್ಲ. "ಚಹಾ ಕುಡಿದಿಯಾ?" ಎಂದು ಕೇಳಿ, ಇಲ್ಲವೆಂದಾಗ ಬೈದರು. ಅಷ್ಟರಲ್ಲಿ ಐಸಿಯು ಬಾಗಿಲು ತೆರೆದು ನರ್ಸ್ ಬಂದು ಗಂಡನ ಹೆಸರು ಕೂಗಿದಳು. ಓಡಿದೆವು. ಅವಳು ಅವಸರದಲ್ಲಿ ಮಲಯಾಳದಲ್ಲಿ ನಾಲ್ಕು ಮಾತು ಹೇಳಿ ಒಳಗೆ ಹೋದಳು. ನನಗೆ ಸಿಕ್ಕಿದ್ದು ಎರಡೇ ಶಬ್ದ. ‘ಮಣಿಕ್ಕೂರ್’ ಎಂದರೆ ಗಂಟೆ, ಅದು ಅಂಗಡಿಯಲ್ಲಿ ಕೇಳಿ ಗೊತ್ತಿತ್ತು. ಇನ್ನೊಂದು ‘ನಿರೀಕ್ಷಣ’ ಎಂಬಂತೆ ಏನೋ ಕೇಳಿತು.

"ಎಂತ ಹೇಳಿದ್ದು ಮಾವ? ನಿರೀಕ್ಷೆ ಅಂತ ಎಂತದೋ ಹೇಳಿದ್ಲಲ್ಲ?"

ಮಾವ ಮುಚ್ಚಿದ ಬಾಗಿಲನ್ನು ನೋಡಿದರು. ಕಿವಿಯ ಮೇಲೆ ಸಿಕ್ಕಿಸಿದ್ದ ಪೆನ್ನನ್ನು ತೆಗೆದು ಪುನಃ ಅಲ್ಲಿಯೇ ಸಿಕ್ಕಿಸಿದರು.

"ಹ್ಞಾ. ಡಾಕ್ಟರ್ ಹೇಳಿದ್ದಂತೆ, ನಿರೀಕ್ಷೆ ಉಂಟಂತೆ. ಎಪ್ಪತ್ತೆರಡು ಗಂಟೆ ಕಾಯ್ಬೇಕಂತೆ. ಕೂತ್ಕೋ. ಬೆಂಚು ಖಾಲಿ ಉಂಟಲ್ಲ."

ನಾನು ಕೂತೆ. ಬೆಳಿಗ್ಗೆಯಿಂದ ಮೊದಲ ಸಲ ನೀರು ಕುಡಿದೆ. ನಾನೇ ಎರಡೆರಡು ಸಲ ಹೊಲಿದ ಶಬ್ದ ಅದು. ಅದರ ಒಂದೊಂದು ಅಕ್ಷರದ ಅಗಲ ನನಗೆ ಗೊತ್ತಿತ್ತು. ಡಾಕ್ಟರ ಬಾಯಿಯಿಂದ ಅದೇ ಬಂದಿದೆ ಎಂದ ಮೇಲೆ ಅದನ್ನು ಹಿಡಿದುಕೊಂಡು ಕೂತೆ.

ಮರುದಿನ ಆದಿತ್ಯವಾರ ಚರ್ಚಿನಲ್ಲಿ ನಡೆದದ್ದನ್ನು ಅಯ್ಯನವರು ಆಮೇಲೆ ನನಗೆ ಹೇಳಿದ್ದು. ಪ್ರಸಂಗಕ್ಕೆ ಮೊದಲೇ ಮಾವ ಎದ್ದು ಎದುರು ಹೋದರಂತೆ. ಪೀಠದ ಹಿಂದೆ ನೇತಾಡುತ್ತಿದ್ದ ನನ್ನ ಬಟ್ಟೆಯನ್ನು ಕೈಯಲ್ಲಿ ತೋರಿಸಿ, "ಡಾಕ್ಟರ್ ಇದೇ ಶಬ್ದ ಹೇಳಿದ್ದಾರೆ," ಎಂದರಂತೆ. ಆಮೇಲೆ ಅಂಗಿಯ ಕಿಸೆಯಿಂದ ಒಂದು ಕಾಗದ ತೆಗೆದರು. ಟೈಮಿಂಗ್ಸ್! ಬೆಳಿಗ್ಗೆ ಆರರಿಂದ ರಾತ್ರಿ ಎಂಟರ ತನಕ, ಎರಡು ಗಂಟೆಗೆ ಇಬ್ಬರಂತೆ, ಮೂರು ದಿನಕ್ಕೆ ಯಾವ ಮನೆಯವರು ಯಾವ ಬಸ್ಸು ಹಿಡಿದು ಬಂದು ಯಾವ ಬಸ್ಸಿನಲ್ಲಿ ವಾಪಸು ಹೋಗುವುದು ಎಂಬುದೆಲ್ಲ ಅದರಲ್ಲಿತ್ತು. ಕೆಳಗೆ ಒಂದು ನಿಯಮ. ಅದನ್ನು ಮಾವ ಎರಡು ಸಲ ಓದಿದರಂತೆ.

"ಅಲ್ಲಿ ಹೋಗಿ ಮಾತಾಡ್ಲಿಕ್ಕೆ ಇಲ್ಲ. ಕೂತು ಬರುವುದು. ‘ದೇವರ ಚಿತ್ತ’ ಹೇಳುವವರು ಯಾರಾದ್ರೂ ಇದ್ರೆ ಹತ್ಲೇಬೇಡಿ."

ಬಂದರು. ಒಬ್ಬರೂ ತಪ್ಪಿಸಲಿಲ್ಲ. ಪರೀಕ್ಷೆಯ ಆಂಟಿ ಕೊತ್ತಂಬರಿ ಕಷಾಯ ತಂದು, ಬಾಯಿಯನ್ನು ಹೊಲಿದ ಹಾಗೆ ಮುಚ್ಚಿ, ಎರಡು ಗಂಟೆ ಕೂತರು. ಅವರಿಗೆ ಎಷ್ಟು ಕಷ್ಟವಾಗಿರಬೇಕು! ಭಾವನ ಕಥೆಯವರು ಬಂದು, ಕೂತ ಐದನೆಯ ನಿಮಿಷಕ್ಕೆ ಗೊರಕೆ ಶುರು ಮಾಡಿದರು. ಕಥೆಗಿಂತ ಅದು ಎಷ್ಟೋ ವಾಸಿ. ಅಯ್ಯನವರು ಗಂಜಿ ತಂದಿದ್ದರು. ಬಡಿಸುವ ಮೊದಲು ಏನೋ ಹೇಳಲು ಬಾಯಿ ತೆರೆದರು. ಮಾವ ಬೆಂಚಿಗೆ ಒಂದು ಸಲ ಬಡಿದರು. ಅಯ್ಯನವರು ಬಾಯಿ ಮುಚ್ಚಿ ಚಟ್ನಿ ಬಡಿಸಿದರು.

ಸೋಮವಾರ ಬಾಗಿಲ ಬೆಂಚಿನ ಅಜ್ಜಿ ಬಂದರು, ಮೊಣಕಾಲನ್ನು ಎಳೆದುಕೊಂಡು. ಕಾರಿಡಾರಿನ ಬೆಂಚಿನಲ್ಲಿ ಆಚೆ ತುದಿ ಖಾಲಿ ಇತ್ತು, ಅಲ್ಲಿ ಕಿಟಕಿಯೂ ಗಾಳಿಯೂ ಇತ್ತು. ಅಜ್ಜಿ ಅಲ್ಲಿ ಕೂರಲಿಲ್ಲ. ಐಸಿಯು ಬಾಗಿಲಿಗೆ ತಾಗಿದ, ಎಲ್ಲಕ್ಕಿಂತ ಎದುರಿನ ಜಾಗದಲ್ಲಿ, ನನ್ನ ಪಕ್ಕ ಬಂದು ಕೂತರು. ನನ್ನ ಕೈ ಹಿಡಿದುಕೊಂಡರು, ಎರಡು ಗಂಟೆ ಬಿಡಲಿಲ್ಲ. ಹೊರಡುವಾಗ ಒಂದು ಶುಂ‍ಠಿ ಮಿಠಾಯಿ ಕೈಗೆ ಹಾಕಿ, "ನನ್ನ ಸ್ಟಾಪ್ ಬಂತು," ಎಂದರು. ಅಷ್ಟೇ ಅವರು ಆಡಿದ ಮಾತು. ನಾನು ಆಗ ಅತ್ತೆ. ಶನಿವಾರದ್ದೆಲ್ಲ ಸೇರಿಸಿ ಅತ್ತೆ.

ಮಂಗಳವಾರ ಬೆಳಿಗ್ಗೆ ಡ್ಯೂಟಿಗೆ ಬಂದ ಹೊಸ ನರ್ಸ್ ನಮ್ಮ ಬದಿಯವಳು, ಕನ್ನಡದವಳು. ನನಗೆ ಖುಷಿಯಾಯಿತು. "ಸಿಸ್ಟರ್, ಡಾಕ್ಟರ್ ನಿರೀಕ್ಷೆ ಉಂಟು ಹೇಳಿದ್ದಾರಲ್ಲ, ಈಗ ಹೇಗುಂಟು?" ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ಫೈಲು ನೋಡಿದಳು. "ಹಾಗೆ ಯಾರು ಹೇಳಿದ್ದು ಅಕ್ಕ? ‘ನಿರೀಕ್ಷಣ’ ಅಂತ ಹೇಳಿರ್ಬೇಕು. ಅದು ಮಲಯಾಳ. ನೋಡ್ತಾ ಇರುವುದು ಅಂತ ಅರ್ಥ. ಮೂರು ದಿನ ಎಂತಾಗ್ತದೆ ನೋಡುವ ಅಂತ ಇಟ್ಟದ್ದು. ಗುಣ ಆಗ್ತದೆ ಅಂತಲೂ ಹೇಳಿಲ್ಲ, ಇಲ್ಲ ಅಂತಲೂ ಹೇಳಿಲ್ಲ."

ಮಾವ ಬೆಂಚಿನಲ್ಲಿ ಕೂತು ಪೇಪರ್ ಓದುತ್ತಿದ್ದರು. ಆ ಪೇಪರನ್ನು ನಾನು ಕಿತ್ತುಕೊಂಡೆ. ಹಿರಿಯರ ಹತ್ತಿರ ಹಾಗೆ ನಾನು ನಡೆದುಕೊಂಡದ್ದು ಅದೇ ಮೊದಲು, ಅದಕ್ಕೆ ಈಗಲೂ ಕ್ಷಮೆ ಕೇಳಿಲ್ಲ.

"ನಿಮಗೆ ಮಲಯಾಳ ಬರುವುದಿಲ್ವಾ ಮಾವ? ಮೂವತ್ತೆಂಟು ವರ್ಷ ಯಾವ ಭಾಷೆಯಲ್ಲಿ ಟಿಕೆಟ್ ಕೊಟ್ರಿ? ವಾಚ್‌ಮ್ಯಾನಿಗೆ ಬೈಲಿಕ್ಕೆ ಬರ್ತದೆ, ಒಂದು ಶಬ್ದ ಹೇಳ್ಲಿಕ್ಕೆ ಬರುವುದಿಲ್ವಾ? ಇಡೀ ಸಭೆಯ ಎದುರು ಸುಳ್ಳು ಹೇಳಿದ್ರಲ್ಲ! ಮೂರು ದಿನ ನಾನು ಎಂತ ಹಿಡ್ಕೊಂಡು ಕೂತದ್ದು ಇಲ್ಲಿ?"

ಮಾವ ತಿರುಗಿ ಬೈಯುತ್ತಾರೆ ಎಂದು ಕಾದೆ. ಅವರು ಸುಮ್ಮನೆ ಕೂತಿದ್ದರು. ಅವರು ಸುಮ್ಮನಿದ್ದದ್ದನ್ನು ನಾನು ಕಂಡದ್ದೇ ಇಲ್ಲ. ನನಗೆ ಹೆದರಿಕೆಯಾಯಿತು.

"ಬರ್ತದೆ," ಎಂದರು ಕೊನೆಗೆ. "ಬರ್ತದೆ, ಅದೇ ತಾಪತ್ರಯ. ನಿನ್ನ ಅತ್ತೆ ಆಸ್ಪತ್ರೆಯಲ್ಲಿ ಇದ್ದಾಗ ಡಾಕ್ಟರ್ ಬಂದು ಮಲಯಾಳದಲ್ಲಿ ಹೇಳಿದ. ನನಗೆ ಒಂದು ಶಬ್ದ ಬಿಡದೆ ಅರ್ಥ ಆಯ್ತು. ಮತ್ತೆ ಎರಡು ದಿನ ಇದ್ದಳು ಅವಳು. ಆ ಎರಡು ದಿನ ನಾನು ಸತ್ತವಳ ಹತ್ತಿರ ಕೂತ ಹಾಗೆ ಕೂತೆ. ಅವಳು ನನ್ನ ಮುಖ ನೋಡಿಯೇ ತಿಳ್ಕೊಂಡ್ಲು. ಅವತ್ತು ನನಗೆ ಅರ್ಥ ತಪ್ಪಿಸಿ ಹೇಳ್ಲಿಕ್ಕೆ ಒಂದು ಜನ ಇರ್ಲಿಲ್ಲ."

ಅತ್ತೆ ಎಂದರೆ ಮಾವನ ಹೆಂಡತಿ, ತೀರಿಕೊಂಡದ್ದು ನನ್ನ ಮದುವೆಗೆ ಎಷ್ಟೋ ಮೊದಲು. ಮಾವ ಅವರ ವಿಷಯ ಎತ್ತಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಪೇಪರನ್ನು ಮಡಚಿ ವಾಪಸು ಕೊಟ್ಟೆ. ಪೇಪರ್ ಕೈಗೆ ಬಂದದ್ದೇ ತಡ, ಹೋದ ಸಿಟ್ಟೂ ವಾಪಸು ಬಂತು.

"ಮತ್ತೆ ಅದನ್ನು ಸುಳ್ಳು ಗಿಳ್ಳು ಅಂತ ಹೇಳ್ಬೇಡ ನನಗೆ. ಶಬ್ದ ಅದೇ. ಒಂದು ‘ಣ’ ಹೆಚ್ಚಿತ್ತು. ದಾರಿಯಲ್ಲಿ ಇಳಿಸಿದೆ."

ನನ್ನ ಸಿಟ್ಟು ಇಳಿಯಲಿಲ್ಲ. ಸುಳ್ಳು ಹೇಳಬಾರದು, ನನ್ನ ಸಿಟ್ಟಿನ ಬಗ್ಗೆ ನಾನು ಸುಳ್ಳು ಹೇಳುವುದಿಲ್ಲ. ಆದರೆ ಎಲ್ಲಿಗೆ ಹೋಗುವುದು? ಬೆಂಚಿನಲ್ಲೇ ಕೂತೆ. ಆ ಹೊತ್ತಿನ ಡ್ಯೂಟಿಯ ಇಬ್ಬರು ಅಷ್ಟರಲ್ಲಿ ಬಂದು ನನ್ನ ಆಚೆ ಈಚೆ ಕೂತರು. ‘ಣ’ ಸೇರಿಸಿಯೂ ಓದಿ ನೋಡಿದೆ, ಬಿಟ್ಟೂ ಓದಿ ನೋಡಿದೆ. ಒಳಗೆ ಡಾಕ್ಟರು ನೋಡುತ್ತಾ ಇದ್ದಾರೆ, ಹೊರಗೆ ನಾವು ಕಾಯುತ್ತಾ ಇದ್ದೇವೆ. ಆಗ ಮೂರು ದಿನದಲ್ಲಿ ಮೊದಲ ಸಲ ಪ್ರಾರ್ಥನೆ ಮಾಡಿದೆ, ಮಾವ ಮಾಡುವ ಹಾಗೆ. ಹಿಂದೆ ಒಬ್ಬ ಬಿದ್ದಿದ್ದಾನೆ, ನಿನಗೆ ಕನ್ನಡಿ ಇಲ್ಲವಾ, ನಿಲ್ಲಿಸು, ಎಂದೆ. ಬೆಂಚಿಗೆ ಒಂದು ಸಲ ಬಡಿದೆ. ಮಾವ ಪೇಪರಿನಿಂದ ತಲೆ ಎತ್ತಿ ನೋಡಿ ಪುಟ ತಿರುಗಿಸಿದರು.

ಗಂಡ ಬುಧವಾರ ಮಧ್ಯಾಹ್ನ ಕಣ್ಣು ಬಿಟ್ಟ. ನಾನು ಬಡಿದದ್ದಕ್ಕೆ ಎಂದು ಹೇಳುವಷ್ಟು ಧೈರ್ಯ ನನಗಿಲ್ಲ. ಎಡಗೈ ಈಗಲೂ ನಿಧಾನ. ಏಣಿ ಹತ್ತುವುದಿಲ್ಲ, ನನ್ನ ಅಂಗಡಿಯಲ್ಲಿ ಕೂತು ಬಲಗೈಯಲ್ಲಿ ಬಟನ್ ಹಾಕುತ್ತಾನೆ, ಓರೆಯಾಗಿ ಹಾಕುತ್ತಾನೆ, ನನ್ನಿಂದ ಬೈಸಿಕೊಳ್ಳುತ್ತಾನೆ. ಅವನು ಯಾಕೆ ಬಿದ್ದ ಎಂಬ ಪ್ರಶ್ನೆಗೆ ಇಂದಿನ ತನಕ ಉತ್ತರ ಬಂದಿಲ್ಲ. ನಾನು ಕೇಳುವುದನ್ನು ಬಿಟ್ಟಿಲ್ಲ. ಆದರೆ ಈಗ ಚರ್ಚಿಗೆ ಹೋಗಿ, ಎದುರಿನ ಬೆಂಚಿನಲ್ಲಿ ಕೂತು ಕೇಳುತ್ತೇನೆ. ಒಬ್ಬಳೇ ಗೋಡೆಯ ಹತ್ತಿರ ಕೇಳುವುದಕ್ಕಿಂತ ಮೂವತ್ತು ಮನೆಯವರ ನಡುವೆ ಕೂತು ಕೇಳುವುದು ವಾಸಿ. ನೆಲ ಒರೆಸಲು ಕೇಳಿದ ಬಟ್ಟೆಯನ್ನು ಅಯ್ಯನವರು ನನಗೆ ಕೊಡಲೇ ಇಲ್ಲ.

ಇದನ್ನೆಲ್ಲ ನಾನು ಅಂಗಡಿಯ ಅಳತೆ ಪುಸ್ತಕದ ಹಿಂದಿನ ಪುಟಗಳಲ್ಲಿ ಬರೆಯುತ್ತಿದ್ದೇನೆ. ಕೂತಿರುವುದು ಅದೇ ಆಸ್ಪತ್ರೆಯ ಅದೇ ಬೆಂಚಿನಲ್ಲಿ. ಮೊನ್ನೆ ಗುರುವಾರ ಹೈವೇ ಕೆಲಸದವರು ಮಾವನ ಹಳೆಯ ಬಸ್‌ಸ್ಟಾಪನ್ನು ಕೆಡವಲು ಬಂದಿದ್ದರು. ಮಾವ ಅಲ್ಲಿ ನಿಂತು ಜಗಳ ಮಾಡುತ್ತಿದ್ದಾಗಲೇ ಎದೆ ಹಿಡಿದುಕೊಂಡು ಕೂತುಬಿಟ್ಟರಂತೆ. ಜಗಳವನ್ನು ಅರ್ಧಕ್ಕೆ ಬಿಟ್ಟು ಬಂದದ್ದು ಅವರ ಜೀವಮಾನದಲ್ಲಿ ಇದೊಂದೇ ಇರಬೇಕು. ಈ ಸಲ ಟೈಮಿಂಗ್ಸ್ ಬರೆದದ್ದು ನಾನು. ನಿನ್ನೆ ಐಸಿಯುವಿನ ಒಳಗಿಂದಲೇ ಅದನ್ನು ತರಿಸಿ ನೋಡಿ, ಗೊರಕೆ ಹೊಡೆಯುವ ಇಬ್ಬರನ್ನೂ ಒಂದೇ ಹೊತ್ತಿಗೆ ಹಾಕಿದ್ದಕ್ಕೆ ಸಿಟ್ಟು ಮಾಡಿದ್ದಾರೆ. ಬೆಳಿಗ್ಗೆಯಿಂದ ಅಜ್ಜಿ ನನ್ನ ಪಕ್ಕದಲ್ಲಿದ್ದಾರೆ. ಅವರ ಹೊತ್ತು ಮುಗಿದು ಒಂದು ಗಂಟೆಯಾಯಿತು, ಸ್ಟಾಪ್ ಬಂತು ಎಂದು ಹೇಳುತ್ತಿಲ್ಲ.

ಈಗ ಸ್ವಲ್ಪ ಹೊತ್ತಿನ ಮುಂಚೆ ನನ್ನನ್ನು ಒಳಗೆ ಬಿಟ್ಟರು. ಡಾಕ್ಟರು ಮಂಚದ ಬದಿಯಲ್ಲಿ ನಿಂತು ನನಗೆ ಮಲಯಾಳದಲ್ಲಿ ಹೇಳಿದರು, ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದರು. ಎರಡು ವರ್ಷದಲ್ಲಿ ನಾನು ಮಲಯಾಳ ಕಲಿತಿದ್ದೇನೆ. ಒಂದು ಶಬ್ದ ಬಿಡದೆ ಅರ್ಥವಾಯಿತು. ಅದರಲ್ಲಿ ‘ನಿರೀಕ್ಷಣ’ ಇತ್ತು. ಅದಕ್ಕಿಂತ ಮೊದಲು ಬೇರೆ ಶಬ್ದಗಳೂ ಇದ್ದವು, ಅವನ್ನು ಇಲ್ಲಿ ಬರೆಯುವುದಿಲ್ಲ.

ಡಾಕ್ಟರು ಆಚೆ ಹೋದರು. ಮಾವ ಎಚ್ಚರವಾಗಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ನನಗಿಂತ ಹತ್ತು ಪಾಲು ಹೆಚ್ಚು ಮಲಯಾಳ ಬರುವ ಮನುಷ್ಯ ನನ್ನ ಮುಖವನ್ನೇ ನೋಡಿ ಮೆಲ್ಲನೆ ಕೇಳಿದರು, "ಎಂತ ಹೇಳಿದ್ದು ಅವರು?"

"ನಿರೀಕ್ಷೆ ಉಂಟಂತೆ ಮಾವ," ಎಂದೆ.

ಮಾವ ಕಣ್ಣು ಮುಚ್ಚಿಕೊಂಡರು. ಸೂಜಿ ಚುಚ್ಚಿ ಪಟ್ಟಿ ಹಾಕಿದ ಕೈಯನ್ನು ಸ್ವಲ್ಪ ಎತ್ತಿ, ಮಂಚದ ಕಬ್ಬಿಣಕ್ಕೆ ಎರಡು ಸಲ ಬಡಿದರು.